ಬೆಲ್ಟು ಗೆದ್ದವನ ಮಾತು, ಮನೆಮಗಳ ಮೌನ

‘ಹತ್ತನೆಯ ತರಗತಿಯಲ್ಲಿರುವ ನನ್ನ ಮಗ ಆಂಡ್ರೂ ಟೇಟ್ ಎಂಬ ಮಾಜಿ ಕಿಕ್‌ಬಾಕ್ಸರ್‌ನ ವಿಡಿಯೊಗಳನ್ನು ಒಂದು ವರ್ಷದಿಂದ ನೋಡುತ್ತಿದ್ದಾನೆ. ಬೆಳಿಗ್ಗೆ ಐದಕ್ಕೆ ಏಳುತ್ತಾನೆ, ದಂಡ ಹೊಡೆಯುತ್ತಾನೆ. ಪೈಲ್ವಾನರಾಗಿದ್ದ ನಮ್ಮ ತಂದೆ ತಿರುಗಿಸುತ್ತಿದ್ದ ಗದೆಯನ್ನು ಅಟ್ಟದಿಂದ ಇಳಿಸಿಕೊಂಡಿದ್ದಾನೆ. ಅದಕ್ಕೆ ನನಗೆ ಸಂತೋಷವೇ. ಆದರೆ ಕಳೆದ ತಿಂಗಳು, ನೀಟ್ ಪರೀಕ್ಷೆಗೆ ಓದುತ್ತಿರುವ ಅಕ್ಕನಿಗೆ “ನೀನು ಎಷ್ಟು ಓದಿದರೂ ಕೊನೆಗೆ ಒಬ್ಬ ಗಂಡಸಿನ ಮಾತು ಕೇಳಿಕೊಂಡೇ ಇರಬೇಕು” ಎಂದುಬಿಟ್ಟ. ಅಂದಿನಿಂದ ಅವಳು ಅವನೊಡನೆ ಮಾತು ಬಿಟ್ಟಿದ್ದಾಳೆ. ನಮ್ಮ ಯಜಮಾನರು “ಹುಡುಗ ಶಿಸ್ತು ಕಲಿತಿದ್ದಾನೆ, ಸುಮ್ಮನಿರು” ಎನ್ನುತ್ತಾರೆ. ಪಿಜ್ಜಾ ಡಬ್ಬಿಯಿಂದ ಸಿಕ್ಕಿಬಿದ್ದವನು ಏನು ದೊಡ್ಡ ಮನುಷ್ಯ ಎಂದು ನಾನು ಕೇಳಿದರೆ, ಅದು ಸುಳ್ಳು ಎಂದು ಮಗ ಜಗಳಕ್ಕೆ ಬರುತ್ತಾನೆ. ಮೊಬೈಲ್ ಕಿತ್ತುಕೊಳ್ಳಲೇ? ಇಂಥವರ ಬಗ್ಗೆ ನಿಮ್ಮಂಥ ಪತ್ರಿಕೆಗಳು ಬರೆಯುವುದನ್ನೇ ನಿಲ್ಲಿಸಬಾರದೇ?’

— ಹಾವೇರಿ ಜಿಲ್ಲೆಯಿಂದ ಒಬ್ಬ ತಾಯಿ (ಹೆಸರು ಪ್ರಕಟಿಸಬಾರದೆಂದು ಕೋರಿದ್ದಾರೆ)

ಸಹೋದರಿಯವರಿಗೆ ನಮಸ್ಕಾರ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ನಿಮ್ಮ ಮಗನ ಚಿಂತೆ ಹತ್ತಿತು. ಎರಡನೆಯ ಸಲ ನಿಮ್ಮ ಮಗಳ ಚಿಂತೆ. ಅವಳ ಬಗ್ಗೆ ನೀವು ಬರೆದಿರುವುದು ಎರಡೇ ಸಾಲು. ಅದಕ್ಕೆ ಬಂದೇ ಬರುತ್ತೇನೆ.

ಪಿಜ್ಜಾ ವಿಷಯದಲ್ಲಿ ನಿಮ್ಮ ಮಗ ಹೇಳುವುದೇ ಸರಿ. 2022ರ ಡಿಸೆಂಬರ್ 27ರಂದು ಟೇಟ್ ತನ್ನ ಬಳಿ 33 ಕಾರುಗಳಿವೆ ಎಂದು ಹೇಳಿಕೊಂಡು, ಹವಾಮಾನ ಹೋರಾಟಗಾರ್ತಿ ಗ್ರೇಟಾ ಥನ್‌ಬರ್ಗ್ ಅವರನ್ನು ಟ್ವಿಟರ್‌ನಲ್ಲಿ ಕೆಣಕಿದ. ಆಕೆ ಕೊಟ್ಟ ಖಾರವಾದ ಉತ್ತರ ಲೋಕವನ್ನೆಲ್ಲ ಸುತ್ತಿತು. ಅದಕ್ಕೆ ಮರುತ್ತರವಾಗಿ ಆತ ಹಾಕಿದ ವಿಡಿಯೊದಲ್ಲಿ ರುಮೇನಿಯಾದ ಪಿಜ್ಜಾ ಅಂಗಡಿಯೊಂದರ ಡಬ್ಬಿ ಕಂಡಿತು. 29ರಂದು ಆತನನ್ನೂ ತಮ್ಮ ಟ್ರಿಸ್ಟನ್‌ನನ್ನೂ ಬುಕಾರೆಸ್ಟ್‌ನಲ್ಲಿ ಪೊಲೀಸರು ವಶಕ್ಕೆ ಪಡೆದರು. ಡಬ್ಬಿ ನೋಡಿಯೇ ಆತ ಎಲ್ಲಿದ್ದಾನೆಂದು ಪೊಲೀಸರಿಗೆ ತಿಳಿಯಿತು ಎಂಬ ಕಥೆ ಹುಟ್ಟಿಕೊಂಡದ್ದು ಹಾಗೆ. ರುಮೇನಿಯಾದ ಅಧಿಕಾರಿಗಳೇ ಅದನ್ನು ಅಲ್ಲಗಳೆದರು. ತನಿಖೆ ತಿಂಗಳುಗಟ್ಟಲೆ ನಡೆದಿತ್ತು. ಅದೇ ವರ್ಷದ ಏಪ್ರಿಲ್‌ನಲ್ಲಿಯೇ ಆತನ ಮನೆಯ ಶೋಧವೂ ಆಗಿತ್ತು.

ಆದ್ದರಿಂದ ಇಂದು ರಾತ್ರಿ ಊಟಕ್ಕೆ ಕುಳಿತಾಗ ಮಗನಿಗೆ ‘ನೀನು ಹೇಳಿದ್ದೇ ಸರಿ, ನಾನು ತಪ್ಪು ತಿಳಿದಿದ್ದೆ’ ಎಂದುಬಿಡಿ. ಇದನ್ನು ಸಣ್ಣ ವಿಷಯವೆಂದು ಬಿಡಬೇಡಿ. ಟೇಟ್ ತನ್ನನ್ನು ಟೀಕಿಸುವ ಇಡೀ ವ್ಯವಸ್ಥೆಗೆ ‘ಮ್ಯಾಟ್ರಿಕ್ಸ್’ ಎಂದು ಹೆಸರಿಟ್ಟಿದ್ದಾನೆ. ಪತ್ರಿಕೆ, ಪೊಲೀಸ್, ನ್ಯಾಯಾಲಯ, ಶಾಲೆ ಎಲ್ಲವೂ ಅದರೊಳಗೆ. ಇವರೆಲ್ಲ ನಿಮಗೆ ಸುಳ್ಳು ಹೇಳುತ್ತಾರೆ ಎಂದು ಮೊದಲೇ ಎಚ್ಚರಿಸಿಟ್ಟಿರುತ್ತಾನೆ. ಹುಡುಗನ ಮುಂದೆ ನಾವು ಒಂದೇ ಒಂದು ಸುಳ್ಳು ಸುದ್ದಿ ಹೇಳಿ ಸಿಕ್ಕಿಬಿದ್ದರೂ ಆ ಎಚ್ಚರಿಕೆ ನಿಜವಾದಂತಾಗುತ್ತದೆ. ಆಮೇಲೆ ನಾವು ಹೇಳುವ ಹತ್ತು ನಿಜಗಳನ್ನೂ ಅವನು ಕೇಳಿಸಿಕೊಳ್ಳುವುದಿಲ್ಲ.

ಆತನ ಬೆಲ್ಟುಗಳೂ ನಿಜ. ಐಎಸ್‌ಕೆಎ ಎಂಬ ಸಂಸ್ಥೆಯ ವಿಶ್ವ ಕಿಕ್‌ಬಾಕ್ಸಿಂಗ್ ಪ್ರಶಸ್ತಿಯನ್ನು ಟೇಟ್ 2011ರಲ್ಲಿಯೂ 2013ರಲ್ಲಿಯೂ ಗೆದ್ದಿದ್ದಾನೆ. ಕಿಕ್‌ಬಾಕ್ಸಿಂಗ್‌ನಲ್ಲಿ ಸಂಸ್ಥೆಗಳು ಹಲವು, ಪ್ರತಿಯೊಂದಕ್ಕೂ ತನ್ನದೇ ವಿಶ್ವ ಚಾಂಪಿಯನ್ ಇರುತ್ತಾನೆ ಎಂಬುದನ್ನೂ ಸೇರಿಸಿ ಹೇಳಬೇಕು. ಹಾಗೆಂದು ಅದು ಪುಕ್ಕಟೆ ಬರುವ ಪದವಿಯೇನೂ ಆಗುವುದಿಲ್ಲ. ಪಕ್ಕೆಗೆ ಬೀಳುವ ಒದೆ ತಿಂದು ಮುಂದಿನ ಸುತ್ತಿಗೆ ಎದ್ದು ನಿಲ್ಲುವುದಕ್ಕೆ ವರ್ಷಗಳ ಬೆವರು ಬೇಕು. ನಿಮ್ಮ ತಂದೆಯವರು ಇದ್ದಿದ್ದರೆ ಅದನ್ನು ನನಗಿಂತ ಚೆನ್ನಾಗಿ ಹೇಳುತ್ತಿದ್ದರು.

ಚೆಸ್ ಹಚ್ಚಿಕೊಂಡ ನನ್ನಂಥವರಿಗೆ ಈ ಮನುಷ್ಯನಿಗಿಂತ ಮೊದಲು ಗೊತ್ತಿದ್ದದ್ದು ಆತನ ತಂದೆ ಎಮೊರಿ ಟೇಟ್. ಅಮೆರಿಕದ ವಾಯುಪಡೆಯಲ್ಲಿದ್ದವರು, ಅಲ್ಲಿನ ಸಶಸ್ತ್ರ ಪಡೆಗಳ ಚೆಸ್ ಪ್ರಶಸ್ತಿಯನ್ನು ಐದು ಸಲ ಗೆದ್ದವರು, ಇಂಟರ್‌ನ್ಯಾಷನಲ್ ಮಾಸ್ಟರ್. ಗ್ರ್ಯಾಂಡ್‌ಮಾಸ್ಟರ್ ಪದವಿ ಅವರಿಗೆ ದಕ್ಕಲಿಲ್ಲ. ಆದರೆ ಗ್ರ್ಯಾಂಡ್‌ಮಾಸ್ಟರ್‌ಗಳನ್ನು ಸೋಲಿಸಿದ ಅವರ ಆಟಗಳಿವೆ. 1997ರಲ್ಲಿ ಲಿಯೊನಿಡ್ ಯುದಾಸಿನ್ ಅವರನ್ನು ಮಣಿಸಿದ ಆಟವನ್ನು ಇವತ್ತು ಮಣೆಯ ಮೇಲೆ ಇಟ್ಟು ನೋಡಿದರೂ ಮೈ ಝುಮ್ಮೆನ್ನುತ್ತದೆ. ಕಾಯಿಗಳನ್ನು ಬಲಿ ಕೊಟ್ಟು ದಾಳಿಗೆ ನುಗ್ಗುವ ಆಟ ಅವರದು. 2015ರಲ್ಲಿ ಕ್ಯಾಲಿಫೋರ್ನಿಯಾದ ಮಿಲ್ಪಿಟಾಸ್ ಎಂಬ ಊರಿನಲ್ಲಿ ಪಂದ್ಯಾವಳಿಯೊಂದರಲ್ಲಿ ಆಡುತ್ತಿರುವಾಗಲೇ ಕುಸಿದು ಬಿದ್ದು ತೀರಿಕೊಂಡರು. ತಂದೆತಾಯಿ ಬೇರೆಯಾದ ಮೇಲೆ ಮಕ್ಕಳು ತಾಯಿಯೊಡನೆ ಇಂಗ್ಲೆಂಡಿನ ಲೂಟನ್ ಸೇರಿದ್ದರು.

ಇದನ್ನೆಲ್ಲ ಏಕೆ ಬರೆಯುತ್ತಿದ್ದೇನೆಂದರೆ, ನಿಮ್ಮ ಮಗನೊಡನೆ ಮಾತು ಶುರು ಮಾಡಲು ಇಲ್ಲೊಂದು ಬಾಗಿಲಿದೆ. ಟೇಟ್ ತನ್ನ ತಂದೆಯ ಬಗ್ಗೆ ಬಹಳ ಮಾತನಾಡುತ್ತಾನೆ. ನಿಮ್ಮ ಮಗನಿಗೆ ಎಮೊರಿ ಹೆಸರು ಖಂಡಿತ ಗೊತ್ತಿರುತ್ತದೆ. ಆ ಯುದಾಸಿನ್ ಆಟವನ್ನು ತೋರಿಸು ಎಂದು ಕೇಳಿ. ಒಂದು ಆಟಕ್ಕೆ ಜೀವ ತೇದ ತಂದೆ ಮತ್ತು ಗಂಡಸನ್ನು ಕಾರಿನ ಲೆಕ್ಕದಲ್ಲಿ ಅಳೆಯುವ ಮಗ, ಇಬ್ಬರನ್ನೂ ಅವನೇ ಪಕ್ಕಪಕ್ಕದಲ್ಲಿಟ್ಟು ನೋಡಲಿ.

ನಿಮ್ಮ ಪತ್ರ ಬಂದ ವಾರ ನನ್ನ ತಂಗಿಯ ಮಗ ಮನೆಗೆ ಬಂದಿದ್ದ. ಅವನಿಗೆ ಹದಿನೇಳು ವರ್ಷ. ಅವನ ಮೊಬೈಲಿನಲ್ಲಿಯೇ ಟೇಟ್‌ನ ತುಣುಕುಗಳನ್ನು ಒಂದರ ಹಿಂದೊಂದು ನೋಡಿದೆವು. ಒಂದು ಹಾಳೆಯ ನಡುವೆ ಗೆರೆ ಎಳೆದು, ಒಪ್ಪುವ ಮಾತನ್ನು ಎಡಕ್ಕೆ, ಒಪ್ಪದ ಮಾತನ್ನು ಬಲಕ್ಕೆ ಬರೆ ಎಂದು ಅವನಿಗೇ ಪೆನ್ನು ಕೊಟ್ಟೆ. ಮೊದಲ ನಾಲ್ಕು ಎಡಕ್ಕೇ ಹೋದವು: ಸೋಮಾರಿತನ ಬಿಡು, ಮೈ ಬಗ್ಗಿಸಿ ದುಡಿ, ಅಳುತ್ತ ಕೂರಬೇಡ, ನಿನ್ನ ಬದುಕಿಗೆ ನೀನೇ ಹೊಣೆ. ಐದನೆಯದರಲ್ಲಿಯೂ ಅದೇ ಕಪ್ಪು ಕನ್ನಡಕ, ಅದೇ ಸಿಗಾರ್, ಅದೇ ಗಟ್ಟಿ ದನಿ. ಆದರೆ ಮಾತು ಮಾತ್ರ ಮದುವೆಯಾದ ಹೆಣ್ಣು ಗಂಡನ ಸ್ವತ್ತು ಎಂಬುದು. ಹುಡುಗನ ಪೆನ್ನು ಗೆರೆಯ ಮೇಲೆಯೇ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಬಲಕ್ಕೆ ಬರೆದ. ‘ಮಾವ, ಇದು ಬರುವಷ್ಟರಲ್ಲಿ ನನ್ನ ತಲೆ ಹೌದು ಹೌದು ಎಂದು ಆಡುತ್ತಲೇ ಇತ್ತು’ ಎಂದ. ನಾನು ಅರ್ಧ ಗಂಟೆ ಉಪದೇಶ ಮಾಡಿದ್ದರೂ ಅವನಿಗೆ ಅಷ್ಟು ಹೊಳೆಯುತ್ತಿರಲಿಲ್ಲ.

ನಿಮ್ಮ ಯಜಮಾನರು ಹೇಳುವ ಶಿಸ್ತು ಆ ಎಡಗಡೆಯ ಸಾಲುಗಳಲ್ಲಿದೆ. ಅದನ್ನು ಹುಡುಗನಿಂದ ಕಿತ್ತುಕೊಳ್ಳಬೇಕಾದ ಅಗತ್ಯವಿಲ್ಲ. ಐದಕ್ಕೆ ಏಳುವುದನ್ನು ಟೇಟ್ ಕಂಡುಹಿಡಿದದ್ದೇನೂ ಅಲ್ಲ. ನಿಮ್ಮ ತಂದೆಯವರ ಗರಡಿಯಲ್ಲಿ ಅದು ಆತ ಹುಟ್ಟುವ ಮೊದಲೇ ಇತ್ತು. ಅಲ್ಲಿ ವಸ್ತಾದರಿಗೆ ಪ್ರತಿ ಹುಡುಗನ ಮನೆ ಗೊತ್ತಿರುತ್ತಿತ್ತು, ಯಾರ ಭುಜ ಉಳುಕಿದೆ ಎಂಬುದು ಗೊತ್ತಿರುತ್ತಿತ್ತು. ಮಟ್ಟಿಗೆ ಇಳಿಯುವ ಮುನ್ನ ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಳ್ಳಬೇಕಿತ್ತು. ಗರಡಿಯೂ ಹೆಣ್ಣುಮಕ್ಕಳನ್ನು ಹೊಸ್ತಿಲ ಹೊರಗೇ ನಿಲ್ಲಿಸಿತ್ತು ಎಂಬುದನ್ನು ನಾನು ಮರೆಮಾಚಲಾರೆ. ಹಳೆಯದೆಲ್ಲ ಚಿನ್ನ ಎಂಬ ಮಾತನ್ನು ನಿಮ್ಮ ಮಗಳ ಮುಂದೆ ಹೇಳುವ ಧೈರ್ಯ ನನಗಿಲ್ಲ. ಆದರೆ ಯಾವ ವಸ್ತಾದರೂ ಶಿಷ್ಯನನ್ನು ಸರಕು ಮಾರಲು ಬೀದಿಗೆ ಕಳಿಸುತ್ತಿರಲಿಲ್ಲ.

ಟೇಟ್‌ನ ವ್ಯಾಪಾರ ನಡೆದದ್ದೇ ಹಾಗೆ. 2022ರಲ್ಲಿ ಆತನ ‘ಹಸ್ಲರ್ಸ್ ಯೂನಿವರ್ಸಿಟಿ’ಗೆ ತಿಂಗಳ ಶುಲ್ಕ ಸುಮಾರು 50 ಡಾಲರ್, ಅಂದಿನ ಲೆಕ್ಕದಲ್ಲಿ ನಾಲ್ಕು ಸಾವಿರ ರೂಪಾಯಿ. ಹೆಸರಿನಲ್ಲಿ ವಿಶ್ವವಿದ್ಯಾಲಯವಿದ್ದರೂ ಅದು ಆನ್‌ಲೈನ್ ಗುಂಪು. ಕ್ರಿಪ್ಟೊ, ಇ-ಕಾಮರ್ಸ್ ಮುಂತಾದವುಗಳಲ್ಲಿ ಹಣ ಮಾಡುವ ಪಾಠ. ಸದಸ್ಯರ ಸಂಖ್ಯೆ ಲಕ್ಷ ದಾಟಿತ್ತು ಎಂದು ಆಗ ವರದಿಯಾಗಿತ್ತು. ಹೊಸಬರನ್ನು ಕರೆತಂದವರಿಗೆ ಕಮಿಷನ್. ಕರೆತರುವ ದಾರಿ ಯಾವುದು? ಟೇಟ್‌ನ ಸಂದರ್ಶನಗಳಿಂದ ತುಣುಕುಗಳನ್ನು ಕತ್ತರಿಸಿ ಟಿಕ್‌ಟಾಕ್ ತುಂಬ ಹರಡುವುದು. ಜನ ಸಿಟ್ಟಾಗುವಂಥ ತುಣುಕಿಗೆ ನೋಡುಗರು ಹೆಚ್ಚು, ಆದ್ದರಿಂದ ಅಂಥವನ್ನೇ ಆರಿಸಿ ಹಾಕಿ ಎಂದು ಸದಸ್ಯರಿಗೆ ಹೇಳಿಕೊಡಲಾಗುತ್ತಿತ್ತು. ಆ ವರ್ಷದ ಆಗಸ್ಟ್ ಹೊತ್ತಿಗೆ ಆತನ ಹೆಸರಿನ ಹ್ಯಾಷ್‌ಟ್ಯಾಗ್ ಅಲ್ಲಿ 1,100 ಕೋಟಿಗೂ ಹೆಚ್ಚು ಸಲ ನೋಡಲ್ಪಟ್ಟಿತ್ತು. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಟಿಕ್‌ಟಾಕ್, ಯೂಟ್ಯೂಬ್ ಅದೇ ತಿಂಗಳು ಆತನನ್ನು ಹೊರಹಾಕಿದವು. ಕಮಿಷನ್ ಯೋಜನೆಯೂ ಆಗಲೇ ಮುಚ್ಚಿತು. ಆದರೆ ತುಣುಕುಗಳನ್ನು ಹಾಕುತ್ತಿದ್ದವರು ಬೇರೆಯವರಾದ್ದರಿಂದ ಅವು ಉಳಿದುಕೊಂಡವು.

ಹೆಣ್ಣನ್ನು ಕುರಿತ ಆ ಐದನೆಯ ತುಣುಕು ಅವನ ಮುಂದೆ ಏಕೆ ಬಂತು ಎಂಬುದಕ್ಕೆ ನಿಮ್ಮ ಮಗನಿಗೆ ಕೊಡಬಹುದಾದ ಉತ್ತರ ಇಲ್ಲಿದೆ. ಅದು ಸತ್ಯವೆಂದು ಯಾರೂ ಪರೀಕ್ಷಿಸಿ ಕಳಿಸಲಿಲ್ಲ. ಅದು ಹೆಚ್ಚು ಓಡುತ್ತದೆ, ಅಷ್ಟೇ.

ನಮ್ಮ ದೇಶದಲ್ಲಿ ಟಿಕ್‌ಟಾಕ್ 2020ರ ಜೂನ್‌ನಲ್ಲಿಯೇ ನಿಷೇಧವಾಗಿದೆಯಲ್ಲ, ಹಾವೇರಿಯ ಹುಡುಗನಿಗೆ ಇದು ಹೇಗೆ ಮುಟ್ಟಿತು ಎಂದು ನೀವು ಕೇಳಬಹುದು. ಆ ಜಾಗ ಖಾಲಿಯಾದ ಮುಂದಿನ ತಿಂಗಳೇ ಇನ್‌ಸ್ಟಾಗ್ರಾಂ ರೀಲ್ಸ್ ಇಲ್ಲಿ ಬಂತು. ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ಶಾರ್ಟ್ಸ್‌ನ ಪ್ರಯೋಗ ಭಾರತದಲ್ಲಿಯೇ ಮೊದಲು ಶುರುವಾಯಿತು. ಅಲ್ಲಿ ಕತ್ತರಿಸಿದ್ದು ಇಲ್ಲಿ ಸುರಿಯಿತು.

ಇನ್ನು ನ್ಯಾಯಾಲಯದ ವಿಷಯ. ರುಮೇನಿಯಾದ ಪ್ರಾಸಿಕ್ಯೂಟರ್‌ಗಳು 2023ರ ಜೂನ್‌ನಲ್ಲಿ ಅತ್ಯಾಚಾರ, ಮಾನವ ಕಳ್ಳಸಾಗಣೆ, ಹೆಂಗಸರನ್ನು ಶೋಷಿಸುವ ಅಪರಾಧಿ ಗುಂಪು ಕಟ್ಟಿದ್ದು ಎಂಬ ಆರೋಪಗಳನ್ನು ಹೊರಿಸಿದರು. ಆರೋಪಪಟ್ಟಿಯಲ್ಲಿ ಲೋಪಗಳಿವೆ ಎಂದು ಬುಕಾರೆಸ್ಟ್‌ನ ಮೇಲ್ಮನವಿ ನ್ಯಾಯಾಲಯ 2024ರ ಡಿಸೆಂಬರ್‌ನಲ್ಲಿ ಅದನ್ನು ಹಿಂದಕ್ಕೆ ಕಳಿಸಿತು. ಬ್ರಿಟನ್‌ನಲ್ಲಿಯೂ ಆತನ ಮೇಲೆ ಅತ್ಯಾಚಾರ ಸೇರಿದಂತೆ 10 ಆರೋಪಗಳಿರುವುದು 2025ರ ಮೇ ತಿಂಗಳಲ್ಲಿ ದೃಢಪಟ್ಟಿತು. ಸೋದರರಿಬ್ಬರೂ ಎಲ್ಲವನ್ನೂ ನಿರಾಕರಿಸುತ್ತಾರೆ. ನಾನು ಇದನ್ನು ಬರೆಯುವ ಹೊತ್ತಿಗೆ ಯಾವ ನ್ಯಾಯಾಲಯವೂ ಈ ಆರೋಪಗಳಲ್ಲಿ ಅವರನ್ನು ಅಪರಾಧಿಗಳೆಂದು ತೀರ್ಮಾನಿಸಿಲ್ಲ. ಮಗನ ಮುಂದೆ ಅಷ್ಟನ್ನೇ ಹೇಳಿ, ಅದಕ್ಕಿಂತ ಒಂದು ಎಳೆಯನ್ನೂ ಸೇರಿಸಬೇಡಿ.

ತೀರ್ಪಿಗೆ ಕಾಯಬೇಕಿಲ್ಲದ ಸಂಗತಿಗಳೂ ಇವೆ. ಹುಡುಗಿಯರ ಪರಿಚಯ ಮಾಡಿಕೊಂಡು, ಅವರು ತನ್ನನ್ನು ಪ್ರೀತಿಸಿ ಹೇಳಿದ್ದೆಲ್ಲ ಮಾಡುವಂತೆ ಮಾಡಿ, ವೆಬ್‌ಕ್ಯಾಮ್ ಮುಂದೆ ಕೂರಿಸಿ ಹಣ ಮಾಡುವುದೇ ತನ್ನ ಕೆಲಸವಾಗಿತ್ತು ಎಂದು ಆತನ ಸ್ವಂತ ಜಾಲತಾಣದಲ್ಲಿಯೇ ಬರೆದಿತ್ತು. ಆ ಪುಟವನ್ನು ಆಮೇಲೆ ತೆಗೆದುಹಾಕಲಾಯಿತು. ಸ್ವಂತ ದುಡಿಮೆಯ ಬಗ್ಗೆ ನಿಮ್ಮ ಯಜಮಾನರಿಗೆ ಗೌರವವಿದ್ದರೆ ಇದನ್ನೂ ಹೇಳಿ: 2014ರಿಂದ 2022ರವರೆಗಿನ ಸುಮಾರು 2.1 ಕೋಟಿ ಪೌಂಡ್ ವಹಿವಾಟಿಗೆ ತೆರಿಗೆಯನ್ನೇ ಕಟ್ಟಿಲ್ಲವೆಂಬ ಪ್ರಕರಣದಲ್ಲಿ, ಸೋದರರಿಗೆ ಸೇರಿದ ಖಾತೆಗಳಿಂದ 26 ಲಕ್ಷ ಪೌಂಡ್‌ಗೂ ಹೆಚ್ಚು ಹಣವನ್ನು ಪೊಲೀಸರು ಮುಟ್ಟುಗೋಲು ಹಾಕಿಕೊಳ್ಳಬಹುದು ಎಂದು ಲಂಡನ್ನಿನ ನ್ಯಾಯಾಲಯ 2024ರ ಡಿಸೆಂಬರ್‌ನಲ್ಲಿ ತೀರ್ಪು ಕೊಟ್ಟಿದೆ.

ಮೊಬೈಲ್ ಕಿತ್ತುಕೊಳ್ಳಬೇಡಿ. ಕಿತ್ತುಕೊಂಡರೆ ಗೆಳೆಯನ ಮೊಬೈಲಿನಲ್ಲಿ ನೋಡುತ್ತಾನೆ, ಮನೆಯೂ ಮ್ಯಾಟ್ರಿಕ್ಸ್ ಸೇರುತ್ತದೆ. ಗೆರೆ ಎಳೆದ ಹಾಳೆ ಇಟ್ಟುಕೊಂಡು ಜೊತೆಗೆ ಕೂರಿ. ಅದಕ್ಕಿಂತ ಮುಖ್ಯವಾಗಿ, ಕೂರಬೇಕಾದವರು ನಿಮ್ಮ ಯಜಮಾನರು. ಹೆಂಗಸರು ಹೀಗೆಯೇ ಹೇಳುತ್ತಾರೆ ಎಂದು ಹುಡುಗನಿಗೆ ಪಾಠವಾಗಿರುವಾಗ ನಿಮ್ಮ ಮಾತು ಅವನ ಕಿವಿಯವರೆಗೂ ಹೋಗದಿರಬಹುದು. ಅಪ್ಪ ಬಾಯಿ ಬಿಡಬೇಕು. ‘ಸುಮ್ಮನಿರು’ ಎಂದು ಅವರು ನಿಮಗೆ ಹೇಳಿದ್ದನ್ನು ಮಕ್ಕಳಿಬ್ಬರೂ ಕೇಳಿಸಿಕೊಂಡಿದ್ದಾರೆ. ಮಗ ಅದನ್ನು ಒಪ್ಪಿಗೆ ಎಂದುಕೊಂಡ. ಮಗಳು ಏನೆಂದುಕೊಂಡಳೋ, ಅದನ್ನು ಅವರು ಅವಳನ್ನೇ ಕೇಳಲಿ. ಈ ಸಾಲುಗಳನ್ನು ಅವರಿಗೆ ಓದಿ ಹೇಳಿ. ಸಿಟ್ಟು ಬಂದರೆ ನನಗೆ ಬರೆಯಲಿ.

ಮಗಳಿಗೆ ‘ತಮ್ಮನಲ್ಲವೇ, ಬಿಟ್ಟುಬಿಡು, ಮಾತನಾಡಿಸು’ ಎಂದು ಹೇಳಬೇಡಿ. ತಪ್ಪು ಆಡಿದವನು ಅವನು, ತಗ್ಗಬೇಕಾದವಳು ಅವಳು ಎಂದಾದರೆ ಟೇಟ್ ಹೇಳಿದ್ದನ್ನೇ ನಾವು ಮನೆಯಲ್ಲಿ ನಡೆಸಿದಂತಾಯಿತು. ರಾತ್ರಿ ಹನ್ನೊಂದರವರೆಗೆ ಓದುವ ಹುಡುಗಿ ಆ ಮಾತನ್ನು ತಲೆಯಲ್ಲಿ ಇಟ್ಟುಕೊಂಡೇ ಪುಟ ತಿರುಗಿಸುತ್ತಿರುತ್ತಾಳೆ. ಮಗ ತನ್ನ ಹಾಳೆಯ ಬಲಗಡೆ ತಾನೇ ಬರೆದ ದಿನ ಅವಳ ಬಳಿ ಹೋಗಿ ಮಾತನಾಡಲಿ. ಅದು ಎರಡು ತಿಂಗಳು ಹಿಡಿಯಬಹುದು. ಅಲ್ಲಿಯವರೆಗೆ ಅವಳ ಮೌನ ಅವಳ ಹಕ್ಕು.

ಪತ್ರಿಕೆಗಳು ಬರೆಯುವುದನ್ನು ನಿಲ್ಲಿಸಬೇಕೇ ಎಂದಿರಿ. ಆತನ ಕಾರು, ಗಡಿಯಾರಗಳ ಚಿತ್ರವನ್ನು ನಾವು ಹಾಕುವುದಿಲ್ಲ. ಈ ಪುಟದಲ್ಲಿಯೂ ಆತನ ಚಿತ್ರವಿಲ್ಲ. ಆದರೆ ಆತನ ಹೆಸರನ್ನೇ ಎತ್ತದಿದ್ದರೆ, ನಿಮ್ಮ ಮಗನಿಗೆ ಆ ಹೆಸರನ್ನು ಹೇಳುವವರು ಕಮಿಷನ್‌ಗೆ ತುಣುಕು ಕತ್ತರಿಸಿದವರು ಮಾತ್ರ ಆಗಿ ಉಳಿಯುತ್ತಾರೆ. ಅದಕ್ಕೆ ನಾನು ಒಪ್ಪಲಾರೆ.

ಗದೆಯನ್ನು ಮತ್ತೆ ಅಟ್ಟಕ್ಕೆ ಏರಿಸಬೇಡಿ. ಅಜ್ಜ ಅದನ್ನು ಎಲ್ಲಿ ಹಿಡಿಯುತ್ತಿದ್ದರು, ಯಾರಿಂದ ಕಲಿತರು ಎಂದು ನಿಮಗೆ ನೆನಪಿರುವಷ್ಟನ್ನು ಮಗನಿಗೆ ಹೇಳಿ. ಅಕ್ಕನೂ ಅಲ್ಲೇ ಇರುವ ಹೊತ್ತು ನೋಡಿ ಹೇಳಿ. ಅವಳ ಪರೀಕ್ಷೆ ಮುಗಿದ ಮೇಲೆ ನನಗೆ ಒಂದು ಕಾರ್ಡು ಬರೆಯಿರಿ.

— ಸಂಪಾದಕ