ಎರಡು ಗಿಗಾಬಿಟ್ ಕಾರ್ಡ್ ಬಾಂಡ್ ಮಾಡಿದರೂ ಕಾಪಿ ವೇಗ ಸೆಕೆಂಡಿಗೆ 110 ಎಂಬಿ ದಾಟದಿರುವುದು

ಮನೆಯ ಲಿನಕ್ಸ್ ಸರ್ವರ್‌ನ ಎರಡು ನೆಟ್‌ವರ್ಕ್ ಕಾರ್ಡ್‌ಗಳನ್ನು ಎಲ್‌ಎಸಿಪಿ (ಹಲವು ಕೇಬಲ್‌ಗಳನ್ನು ಒಂದೇ ಕೊಂಡಿಯಂತೆ ಸೇರಿಸುವ ವಿಧಾನ) ಮೂಲಕ ಬಾಂಡ್ ಮಾಡಿದರೂ, ಅಂದರೆ ಜೋಡಿಸಿದರೂ, ಕಾಪಿ ವೇಗ ಏಕೆ ಹೆಚ್ಚಲಿಲ್ಲ ಎಂದು ಕೇಳಿದ್ದೀರಿ. ನಿಮ್ಮ ಸೆಟ್ಟಿಂಗ್ ತಪ್ಪಿಲ್ಲ, ಎಲ್‌ಎಸಿಪಿ ಕೆಲಸ ಮಾಡುವುದೇ ಹಾಗೆ. ಒಂದು ಟಿಸಿಪಿ ಸಂಪರ್ಕದ (ಒಂದು ಫೈಲ್ ಕಾಪಿ ಎಂದರೆ ಸಾಮಾನ್ಯವಾಗಿ ಇಂಥ ಒಂದೇ ಸಂಪರ್ಕ) ಪ್ಯಾಕೆಟ್‌ಗಳೆಲ್ಲ ಒಂದೇ ಕೇಬಲ್‌ನಲ್ಲಿ ಹೋಗುತ್ತವೆ. ಹಂಚಿ ಕಳಿಸಿದರೆ ಕ್ರಮ ತಪ್ಪಿ, ಪ್ಯಾಕೆಟ್‌ಗಳನ್ನು ಮತ್ತೆ ಕಳಿಸಬೇಕಾಗುವುದು ಹೆಚ್ಚುತ್ತದೆ. ಪ್ಯಾಕೆಟ್‌ಗಳನ್ನು ಸರದಿಯಂತೆ ಹಂಚುವ ಬ್ಯಾಲೆನ್ಸ್-ಆರ್‌ಆರ್ ಮೋಡ್‌ನ ತೊಂದರೆಯೂ ಇದೇ. ನಾಲ್ಕೈದು ಜನ ಒಟ್ಟಿಗೆ ಸರ್ವರ್ ಬಳಸುವ ಮನೆಗೆ ಮಾತ್ರ ಬಾಂಡ್ ಉಪಯುಕ್ತ.

ಒಂದೇ ವಿಂಡೋಸ್ ಪಿಸಿಗೆ ವೇಗ ಬೇಕಿದ್ದರೆ ಬಾಂಡ್ ತೆಗೆದುಹಾಕಿ, ಎಸ್‌ಎಂಬಿ ಮಲ್ಟಿಚಾನೆಲ್ (ಒಂದೇ ಕಾಪಿಯನ್ನು ಹಲವು ಸಂಪರ್ಕಗಳಿಗೆ ಹಂಚುವ, ವಿಂಡೋಸ್ ಫೈಲ್ ಹಂಚಿಕೆಯ ಸೌಲಭ್ಯ) ಬಳಸಿ. ಪಿಸಿಯಲ್ಲೂ ಎರಡು ಕಾರ್ಡ್ ಇರಲೇಬೇಕು. ಸರ್ವರ್‌ನಲ್ಲಿ ಫೈಲ್ ಹಂಚುವ ತಂತ್ರಾಂಶ ಸಾಂಬಾದ 4.15ನೇ ಆವೃತ್ತಿಯಿಂದ ಲಿನಕ್ಸ್‌ನಲ್ಲಿ ಇದು ತಾನಾಗಿಯೇ ಆನ್ ಇರುತ್ತದೆ. ಹೆಚ್ಚಿನವರು ಎಡವುವುದು ಐಪಿ ಕೊಡುವಾಗ: ಎರಡೂ ಕಾರ್ಡ್‌ಗಳನ್ನು ಒಂದೇ ಸಬ್‌ನೆಟ್‌ನಲ್ಲಿ (ಐಪಿ ವಿಳಾಸಗಳ ಒಂದೇ ಗುಂಪಿನಲ್ಲಿ) ಇಟ್ಟರೆ ಲಿನಕ್ಸ್ ಉತ್ತರಗಳನ್ನೆಲ್ಲ ಒಂದೇ ಕಾರ್ಡ್‌ನಿಂದ ಕಳಿಸಿಬಿಡುತ್ತದೆ. ಒಂದಕ್ಕೆ 192.168.10.2, ಇನ್ನೊಂದಕ್ಕೆ 192.168.20.2 ಕೊಡಿ, ಮಾಸ್ಕ್ ಎರಡಕ್ಕೂ 255.255.255.0. ಪಿಸಿಯ ಕಡೆಯೂ ಹಾಗೆಯೇ, ಕೊನೆಯ ಅಂಕಿ ಮಾತ್ರ ಬೇರೆ. ಗೇಟ್‌ವೇ (ಹೊರಗಿನ ನೆಟ್‌ವರ್ಕ್‌ಗೆ ದಾರಿಯಾಗುವ ರೂಟರ್‌ನ ವಿಳಾಸ) ಮೊದಲನೆಯದಕ್ಕಷ್ಟೇ ಇರಲಿ. ಸಾಮಾನ್ಯ ಸ್ವಿಚ್ ಸಾಕು. ದೊಡ್ಡ ಫೈಲ್ ಕಾಪಿ ಆಗುತ್ತಿರುವಾಗ ಟಾಸ್ಕ್ ಮ್ಯಾನೇಜರ್ ನೋಡಿ, ಎರಡೂ ಕಾರ್ಡ್‌ಗಳ ಗೆರೆ ಒಟ್ಟಿಗೆ ಏರಬೇಕು.

ಬಾಂಡ್ ಇಟ್ಟುಕೊಳ್ಳುವುದೇ ಆದರೆ ಯಾವ ಸಂಪರ್ಕ ಯಾವ ಕೇಬಲ್‌ಗೆ ಎಂದು ನಿರ್ಧರಿಸುವ ಹ್ಯಾಶ್ ಪಾಲಿಸಿಯನ್ನು ಲೇಯರ್3+4 ಮಾಡಿ. ಬಾಂಡ್ ಸ್ಥಿತಿಯ ಫೈಲ್‌ನಲ್ಲಿ ಪಾರ್ಟ್ನರ್ ಮ್ಯಾಕ್ (ಎದುರಿನ ಸ್ವಿಚ್‌ನ ವಿಳಾಸ) ಜಾಗದಲ್ಲಿ ಬರೀ ಸೊನ್ನೆಗಳಿದ್ದರೆ ಸ್ವಿಚ್‌ನಲ್ಲಿ ಎಲ್‌ಎಸಿಪಿ ಆನ್ ಆಗಿಲ್ಲ ಎಂದರ್ಥ.

ನನ್ನ ಸಲಹೆ ಕೇಳಿದರೆ, ಎರಡೂ ಕಡೆಗೆ 2.5 ಗಿಗಾಬಿಟ್‌ನ ಒಂದೊಂದು ಕಾರ್ಡ್ ಹಾಕಿ, ನೇರ ಕೇಬಲ್ ಎಳೆದುಬಿಡಿ. ಹಳೆಯ ಕ್ಯಾಟ್5ಇ ಕೇಬಲ್ಲೇ ಸಾಕು, ಈ ತಲೆನೋವು ಯಾವುದೂ ಇರುವುದಿಲ್ಲ. ಆದರೆ ಸರ್ವರ್‌ನಲ್ಲಿರುವುದು ಒಂದೇ ಹಾರ್ಡ್ ಡಿಸ್ಕ್ ಆಗಿದ್ದರೆ ಮೊದಲು ಅದರ ವೇಗ ಅಳೆಯಿರಿ; ಡಿಸ್ಕೇ ನಿಧಾನವಾಗಿದ್ದರೆ ನೆಟ್‌ವರ್ಕ್ ವೇಗ ಹೆಚ್ಚಿಸಿ ಪ್ರಯೋಜನವಿಲ್ಲ.