ಎಂಬಿಬಿಎಸ್‌ನಲ್ಲಿ ನಿಜವಾಗಿ ಏನು ಕಲಿಸ್ತಾರೆ? ನಮ್ಮ ಕಡೆಯ ಕಾಲೇಜು ಸಾಕಾ?

ಮಗಳು ಯಾದಗಿರಿ ಜಿಲ್ಲೆಯ ಶಹಾಪುರದಲ್ಲಿ ಸೆಕೆಂಡ್ ಪಿಯುಸಿ ಓದುತ್ತಿದ್ದಾಳೆ, ನೀಟ್ ಬರೆಯುತ್ತಾಳೆ, ಆದರೆ "ನಮ್ಮ ಕಡೆ ಕಾಲೇಜಿನಲ್ಲಿ ಏನೂ ಕಲಿಸಲ್ಲ, ಹೊಲ ಮಾರಿಯಾದರೂ ಬೆಂಗಳೂರಿನಲ್ಲಿ ಸೀಟು ಕೊಡಿಸಿ" ಅಂತ ಯಾರೋ ಹೇಳಿದ್ದಾರೆ, ಇದು ನಿಜವಾ ಅಂತ ಕೇಳಿದ್ದೀರಿ. ಹೊಲ ಮಾರಬೇಡಿ ಅಣ್ಣಾರೆ. ನಾನು ಕಲಬುರಗಿಯಲ್ಲೇ ಎಂಬಿಬಿಎಸ್ ಮಾಡಿದವನು, ಈಗ ನಿಮ್ಮದೇ ಜಿಲ್ಲೆಯ ಒಂದು ತಾಲೂಕು ಆಸ್ಪತ್ರೆಯಲ್ಲಿ ಡ್ಯೂಟಿ ಮಾಡುತ್ತೇನೆ. ಊರಿನ ಅಭಿಮಾನ ಸ್ವಲ್ಪ ಇದ್ದೇ ಇರುತ್ತದೆ, ಅದನ್ನು ಕಳೆದು ಓದಿಕೊಳ್ಳಿ. ಡಾಕ್ಟರ್ ತಯಾರಾಗೋದು ವಾರ್ಡಿನಲ್ಲಿ. ಎಲ್ಲಿ ರೋಗಿಗಳು ಜಾಸ್ತಿ ಬರುತ್ತಾರೋ ಅಲ್ಲಿ ಕಲಿಯೋದೂ ಜಾಸ್ತಿ.

ಕೋರ್ಸು ನಾಲ್ಕೂವರೆ ವರ್ಷ, ಆಮೇಲೆ 1 ವರ್ಷ ಇಂಟರ್ನ್‌ಶಿಪ್. ಮೊದಲ ವರ್ಷ ಅನಾಟಮಿ (ದೇಹದ ರಚನೆ), ಫಿಸಿಯಾಲಜಿ (ದೇಹ ಕೆಲಸ ಮಾಡುವ ರೀತಿ), ಬಯೋಕೆಮಿಸ್ಟ್ರಿ (ದೇಹದ ರಸಾಯನಶಾಸ್ತ್ರ). ಹೆಣ ಕೊಯ್ದು ಕಲಿಯುವ ಡಿಸೆಕ್ಷನ್ ಹಾಲಿನಲ್ಲಿ ಅದು ಕೆಡದಂತೆ ಹಾಕಿದ ಫಾರ್ಮಾಲಿನ್‌ಗೆ ಕಣ್ಣು ಉರಿಯುತ್ತದೆ, ಒಂದು ವಾರ ಊಟ ಸೇರಲ್ಲ, ಆಮೇಲೆ ಅಭ್ಯಾಸ ಆಗುತ್ತದೆ. ದೀಪಾವಳಿಗೆ ಮನೆಗೆ ಬಂದರೆ ನೆಂಟರೆಲ್ಲ ಶುಗರ್ ರಿಪೋರ್ಟ್ ಹಿಡಿದು ಕೂತಿರುತ್ತಾರೆ, ಪಾಪ ಆ ಮಗುವಿಗೆ ಆಗ ಗೊತ್ತಿರೋದು ಬರೀ ಎಲುಬಿನ ಹೆಸರು! ಕನ್ನಡ ಮೀಡಿಯಂನಿಂದ ಬಂದವರಿಗೆ ಈ ವರ್ಷ ನಿಜಕ್ಕೂ ಕಷ್ಟ, ಲೆಕ್ಚರು, ಪುಸ್ತಕ, ವೈವಾ (ಮೌಖಿಕ ಪರೀಕ್ಷೆ) ಎಲ್ಲ ಇಂಗ್ಲಿಷೇ. ಫಸ್ಟ್ ಇಯರ್ ಪಾಸಾಗಲು 4 ಸಲ ಮಾತ್ರ ಅವಕಾಶ, ಇಡೀ ಕೋರ್ಸು 9 ವರ್ಷದೊಳಗೆ ಮುಗಿಯಬೇಕು ಅನ್ನೋ ನಿಯಮವೂ ಇದೆ. ಹೆದರಿಸ್ತಿಲ್ಲ, ಗೊತ್ತಿರಲಿ ಅಂತ ಹೇಳಿದೆ.

ಆದರೆ ವಾರ್ಡ್ ಪೋಸ್ಟಿಂಗ್ ಶುರುವಾದ ಮೇಲೆ ಅದೇ ಹುಡುಗರು ಮುಂದೆ ಬರುತ್ತಾರೆ. ಬೆಡ್ ಪಕ್ಕ ನಿಂತು ರೋಗಿಯ ಕಥೆ ಕೇಳಿ ಬರೆಯಬೇಕು, ಸರ್ ಬಂದಾಗ ಹೇಳಬೇಕು. ನಮ್ಮ ಬ್ಯಾಚಿನ ಒಬ್ಬ ಕೆಮ್ಮಿನ ರೋಗಿಯ ಬಗ್ಗೆ ಎಲ್ಲ ಸರಿಯಾಗೇ ಹೇಳಿದ, ಎಷ್ಟು ದಿನದಿಂದ, ಕಫದ ಬಣ್ಣ ಏನು, ಬೀಡಿ ಎಷ್ಟು. ಸರ್ ಕೇಳಿದ್ದು ಒಂದೇ, "ಕೆಲಸ ಏನು ಮಾಡ್ತಾರೆ?" ಸುಮ್ನೆ ನಿಂತ. ರೋಗಿಯೇ ಹೇಳಿದರು, "ಶಹಾಬಾದಿನ್ಯಾಗ ಫರಸಿ ಖಣಿಗೆ ಹೋಗ್ತಿದ್ದೆರಿ, ಸಣ್ಣಾಂವ ಇದ್ದಾಗಿಂದ." ಕಲ್ಲಿನ ಧೂಳು ಕುಡಿದ ಎದೆ ಅಂತ ಗೊತ್ತಾದ ಮೇಲೆ ಎಕ್ಸ್‌ರೇ ನೋಡುವ ರೀತಿಯೇ ಬದಲಾಗುತ್ತೆ, ಅಲ್ವಾ? ಇಂಥ ಪಾಠ ಎಸಿ ಹಾಲಿನಲ್ಲಿ ಪ್ರೊಜೆಕ್ಟರ್ ಹಾಕಿದರೆ ತಲೆಗೆ ಹೋಗಲ್ಲ.

ಇಂಟರ್ನ್‌ಶಿಪ್ಪಿನಲ್ಲಿ ಕೈ ಕಲಿಯುತ್ತದೆ. ಹಾವು ಕಚ್ಚಿದ ಕೇಸನ್ನೇ ತಗೊಳ್ಳಿ. ಮಳೆಗಾಲದಲ್ಲಿ ತೊಗರಿ ಹೊಲದಿಂದ ನೇರ ಕ್ಯಾಶುವಾಲಿಟಿಗೆ (ತುರ್ತು ಚಿಕಿತ್ಸಾ ವಿಭಾಗ) ತರುತ್ತಾರೆ, ಕತ್ತಲಲ್ಲಿ ಕಚ್ಚಿರುತ್ತೆ, ಯಾವ ಹಾವು ಅಂತ ಬಹಳ ಮಂದಿಗೆ ಗೊತ್ತಿರಲ್ಲ. ರಕ್ತನಾಳದಿಂದ 2 ಎಂಎಲ್ ರಕ್ತ ತೆಗೆದು ಗಾಜಿನ ಟ್ಯೂಬಿಗೆ ಹಾಕಿ 20 ನಿಮಿಷ ಅಲುಗಾಡಿಸದೆ ಇಡಬೇಕು. ಪ್ಲಾಸ್ಟಿಕ್ ನಡೆಯಲ್ಲ, ಸೋಪಿನಲ್ಲಿ ತೊಳೆದ ಟ್ಯೂಬೂ ನಡೆಯಲ್ಲ, ರಿಸಲ್ಟ್ ತಪ್ಪು ಬರುತ್ತದೆ. ಆಮೇಲೆ ಒಂದು ಸಲ ಓರೆ ಮಾಡಿ ನೋಡೋದು. ಹೆಪ್ಪುಗಟ್ಟದೆ ಹರಿದರೆ ಕೊಳಕುಮಂಡಲದಂಥ ಹಾವಿನ ವಿಷ ಏರಿದೆ ಅಂತ ಲೆಕ್ಕ, ವಿಷ ಇಳಿಸುವ ಇಂಜೆಕ್ಷನ್ ಎಎಸ್‌ವಿ ಶುರು ಮಾಡಬೇಕು. ನಾಗರ ಅಥವಾ ಕಟ್ಟುಹಾವು ಆಗಿದ್ದರೆ ರಕ್ತ ಸರಿಯಾಗೇ ಹೆಪ್ಪುಗಟ್ಟುತ್ತೆ, ಆಗ ಕಣ್ಣಿನ ರೆಪ್ಪೆ ಜೋತು ಬೀಳ್ತಿದೆಯಾ, ಉಸಿರು ಹೇಗಿದೆ ಅಂತ ನೋಡ್ತಾ ಇರಬೇಕು. ಈ 20 ನಿಮಿಷ ಮನೆಯವರು ಸುತ್ತ ನಿಂತು "ಇಂಜೆಕ್ಷನ್ ಯಾಕ ಮಾಡವಲ್ರಿ" ಅಂತ ಜಗಳಕ್ಕೆ ಬರುತ್ತಾರೆ. ಬೇಡದವರಿಗೆ ಕೊಟ್ಟರೆ ಆ ಔಷಧಿಯಿಂದಲೇ ಅಲರ್ಜಿ ಆಗಬಹುದು, ಅದಕ್ಕೇ ಕಾಯೋದು ಅಂತ ಅವರಿಗೆ ತಿಳಿಸಿ ಹೇಳೋದೂ ನಿಮ್ಮ ಕೆಲಸವೇ. ಪುಸ್ತಕದಲ್ಲಿ ಇದೆಲ್ಲ ನಾಲ್ಕು ಸಾಲು. ನನಗೆ ಕಲಿಸಿದ್ದು ನೈಟ್ ಡ್ಯೂಟಿಯ ಒಬ್ಬ ಹಿರಿಯ ಸಿಸ್ಟರ್.

ನನಗೆ ಬೇಜಾರಿರೋದು ಬೇರೆ ವಿಷಯಕ್ಕೆ. ಈಗಿನ ನಿಯಮದಲ್ಲಿ ಇಂಟರ್ನ್‌ಗಳಿಗೆ ಕ್ಯಾಶುವಾಲಿಟಿ ಪೋಸ್ಟಿಂಗ್ ಬರೇ 2 ವಾರ. ಅದರಲ್ಲೂ ಅರ್ಧ ಜನ ಡ್ಯೂಟಿ ರೂಮಿನಲ್ಲಿ ಮೊಬೈಲ್ ಹಿಡಿದು ನೀಟ್ ಪಿಜಿ ಪ್ರಶ್ನೆ ಬಿಡಿಸುತ್ತಾ ಕೂತಿರುತ್ತಾರೆ. ಅವರನ್ನು ಬೈದು ಉಪಯೋಗ ಇಲ್ಲ. 200 ಪ್ರಶ್ನೆ, 800 ಮಾರ್ಕ್ಸು, ಅದರ ಮೇಲೇ ಮುಂದಿನ ಸ್ಪೆಷಲಿಸ್ಟ್ ಓದಿನ (ಎಂಡಿ, ಎಂಎಸ್) ಸೀಟು ನಿಂತಿದೆ, ಹೆರಿಗೆ ಮಾಡಿಸಲು ಬರುತ್ತಾ ಅಂತ ಆ ಪರೀಕ್ಷೆಯಲ್ಲಿ ಯಾರೂ ಕೇಳಲ್ಲ. ಹಾಗಾಗಿ ಡಿಗ್ರಿ ಬಂದ ಮೇಲೂ ಒಂದು ಸಲೈನ್ ಹಚ್ಚಲು ಕೈ ನಡುಗುವವರು ಎಲ್ಲ ಕಾಲೇಜಿನಿಂದಲೂ ಬರುತ್ತಾರೆ, ಬೆಂಗಳೂರಿನಿಂದಲೂ.

ಕಾಲೇಜಿನ ವಿಷಯಕ್ಕೆ ಬಂದರೆ, ಕಲಬುರಗಿಯ ಎಂ.ಆರ್. ಮೆಡಿಕಲ್ ಕಾಲೇಜು 1963ರಿಂದ ಇದೆ, ಜೊತೆಗೆ ಸರ್ಕಾರಿ ಜಿಮ್ಸ್, ಇಎಸ್‌ಐ ಕಾಲೇಜು, ಬೀದರ್‌ನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲೇ ಈಗ ಯಿಮ್ಸ್. ಯಾವುದೇ ಆಗಲಿ, ಬ್ರೋಷರ್ ನೋಡಬೇಡಿ. ಒಂದು ಸೋಮವಾರ ಬೆಳಿಗ್ಗೆ ಆಸ್ಪತ್ರೆಯ ಓಪಿಡಿಗೆ ಹೋಗಿ ಜನ ನೋಡಿ. ಹೊರಗೆ ಚಹಾ ಕುಡಿಯುವ ಇಂಟರ್ನ್‌ಗಳನ್ನು ಮಾತಾಡಿಸಿ, ಎಷ್ಟು ಹೆರಿಗೆ ಮಾಡಿಸಿದ್ರಿ, ಹೊಲಿಗೆ ಹಾಕಲು ಬಿಡ್ತಾರಾ, ಯಾವ ಡಿಪಾರ್ಟ್‌ಮೆಂಟಿನಲ್ಲಿ ಟೀಚರ್ ಇಲ್ಲ ಅಂತ ಕೇಳಿ. ಹೊಸ ಕಾಲೇಜುಗಳಿಗೆ ಈ ಕೊನೇ ಪ್ರಶ್ನೆ ಮರೀಬೇಡಿ.

ಇನ್ನೊಂದು, ಸಂವಿಧಾನದ 371ಜೆ ವಿಧಿ ಪ್ರಕಾರ ನಮ್ಮ ಕಲ್ಯಾಣ ಕರ್ನಾಟಕ ಭಾಗದ ಕಾಲೇಜುಗಳಲ್ಲಿ ಸ್ಥಳೀಯರಿಗೆ ಶೇ 70, ರಾಜ್ಯದ ಉಳಿದ ಕಡೆ ಶೇ 8 ಮೀಸಲಾತಿ ಇದೆ. ಅದಕ್ಕೆ ಎಸಿ ಸಾಹೇಬರ (ಅಸಿಸ್ಟೆಂಟ್ ಕಮಿಷನರ್) ಸಹಿಯ ಅರ್ಹತಾ ಪ್ರಮಾಣಪತ್ರ ಬೇಕು. ಸೀಟು ಹಂಚುವ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಕೌನ್ಸೆಲಿಂಗ್ ಹೊತ್ತಿಗೆ ಓಡಾಡಿದರೆ ಕ್ಯೂ ಉದ್ದ ಇರುತ್ತದೆ, ಈಗಲೇ ಮಾಡಿಸಿ ಇಟ್ಟುಕೊಳ್ಳಿ.