ಎಲ್‌ಎಫ್‌ಎ ಆನ್ ಮಾಡಿದರೂ ರಿಂಗ್‌ನಲ್ಲಿ ಪಕ್ಕದ ರೂಟರ್‌ಗೆ ಬ್ಯಾಕಪ್ ದಾರಿ ಯಾಕೆ ಸಿಗುತ್ತಿಲ್ಲ?

ನಿಮ್ಮ ಕಾನ್ಫಿಗರೇಶನ್‌ನಲ್ಲಿ ತಪ್ಪೇನಿಲ್ಲ. ಎಲ್‌ಎಫ್‌ಎ (ಲೂಪ್-ಫ್ರೀ ಆಲ್ಟರ್ನೇಟ್) ಅಂದರೆ ಲಿಂಕ್ ಹೋದ ತಕ್ಷಣ ಬಳಸಲು ರೂಟರ್ ಮೊದಲೇ ಆರಿಸಿಡುವ, ಪ್ಯಾಕೆಟ್ ವಾಪಸ್ ಬರದಂಥ ಪಕ್ಕದ ರೂಟರ್. ಐದು ರೂಟರ್‌ಗಳ ರಿಂಗ್, ಎಲ್ಲ ಲಿಂಕ್‌ಗೂ ಕಾಸ್ಟ್ (ದಾರಿಯ ದೂರ ಅಳೆಯುವ ಅಂಕಿ) 10, ಮೇಲೆ ಹತ್ತಿರದ ದಾರಿ ಲೆಕ್ಕ ಹಾಕುವ ಓಎಸ್‌ಪಿಎಫ್ ಮತ್ತು ದಾರಿಗಳಿಗೆ ಲೇಬಲ್ ಹಂಚುವ ಎಲ್‌ಡಿಪಿ. ಎ ರೂಟರ್‌ನಲ್ಲಿ ನೋಡಿದರೆ ಸಿ ರೂಟರ್‌ಗೆ ಬ್ಯಾಕಪ್ ತೋರಿಸುತ್ತದೆ, ಪಕ್ಕದಲ್ಲೇ ಇರುವ ಬಿ ಗೆ ಮಾತ್ರ ಇಲ್ಲ ಅಂದಿದ್ದೀರಿ. ರಿಂಗ್‌ನಲ್ಲಿ ಹಾಗಾಗುವುದು ಸಹಜ.

ಎ, ಬಿ, ಸಿ, ಡಿ, ಇ ಅಂತ ಸುತ್ತಲೂ ಬರೆದುಕೊಳ್ಳಿ. ಎ-ಬಿ ಲಿಂಕ್ ಹೋಯಿತು. ಈಗ ಎ ಗೆ ಉಳಿದಿರುವುದು ಇ ಒಂದೇ. ಆದರೆ ಇ ಲೆಕ್ಕದಲ್ಲಿ ಬಿ ಗೆ ಹತ್ತಿರದ ದಾರಿ ಎ ಮೂಲಕವೇ ಇದೆ: ಆ ಕಡೆ 20, ಡಿ-ಸಿ ಕಡೆಯಿಂದ ಸುತ್ತಿದರೆ 30. ಲಿಂಕ್ ಹೋದ ಸುದ್ದಿ ಇ ಗೆ ಇನ್ನೂ ಮುಟ್ಟಿಲ್ಲ. ಹಾಗಾಗಿ ಎ ಕಳಿಸಿದ ಪ್ಯಾಕೆಟನ್ನು ಅದು ವಾಪಸ್ ಎ ಗೇ ಕಳಿಸುತ್ತದೆ. ಟಿಟಿಎಲ್ (ಪ್ಯಾಕೆಟ್ ಎಷ್ಟು ರೂಟರ್ ದಾಟಬಹುದು ಅನ್ನುವ ಮಿತಿ) ಮುಗಿಯುವ ತನಕ ಅಲ್ಲೇ ಸುತ್ತಾಟ. ಈ ಲೂಪ್ ಬೇಡವೆಂದೇ ಎಲ್‌ಎಫ್‌ಎ ಇ ಯನ್ನು ಒಪ್ಪುವುದಿಲ್ಲ. ಸಿ ವಿಷಯ ಬೇರೆ: ಇ ಯಿಂದ ಸಿ ಗೆ ಡಿ ಮೂಲಕ 20, ಎ ಮೂಲಕ 30. ಪ್ಯಾಕೆಟ್ ಹಿಂದೆ ಬರುವ ಮಾತೇ ಇಲ್ಲ.

ನಿಮಗೆ ಬೇಕಿರುವುದು ರಿಮೋಟ್ ಎಲ್‌ಎಫ್‌ಎ, ಅಂದರೆ ಪಕ್ಕದಲ್ಲಿಲ್ಲದ ದೂರದ ರೂಟರನ್ನು ಬ್ಯಾಕಪ್ ಆಗಿ ಬಳಸುವುದು. ಡಿ ಯನ್ನು ನೋಡಿ. ಎ ಯಿಂದ ಡಿ ಗೆ ಇ ಮೂಲಕವೇ ಹತ್ತಿರ. ಡಿ ಯಿಂದ ಬಿ ಗೆ ಸಿ ಮೂಲಕವೇ ಹತ್ತಿರ. ಎರಡೂ ದಾರಿ ಮುರಿದ ಲಿಂಕನ್ನು ಮುಟ್ಟುವುದಿಲ್ಲ. ಹಾಗಾಗಿ ಪ್ಯಾಕೆಟ್ ಮೇಲೆ ಲೇಬಲ್ (ಎಲ್ಲಿಗೆ ಹೋಗಬೇಕೆಂದು ಹೇಳುವ ಗುರುತು) ಹಾಕಿ ಡಿ ತನಕ ಮುಟ್ಟಿಸಿದರೆ ಸಾಕು. ಬಿ ಗೆ ಡಿ ಯಾವ ಲೇಬಲ್ ಇಟ್ಟಿದೆ ಅನ್ನುವುದು ಎ ಗೆ ಮೊದಲೇ ಗೊತ್ತಿರಬೇಕು, ಅದಕ್ಕೆ ಎರಡರ ನಡುವೆ ಟಾರ್ಗೆಟೆಡ್ ಎಲ್‌ಡಿಪಿ ಸೆಶನ್ (ಪಕ್ಕದಲ್ಲಿಲ್ಲದ ರೂಟರ್ ಜೊತೆ ನೇರ ಎಲ್‌ಡಿಪಿ ಮಾತುಕತೆ) ಬೇಕು. ಆ ಸೆಶನ್ ಶುರುಮಾಡುವ ಟಾರ್ಗೆಟೆಡ್ ಹಲೋ ಬಂದರೆ ಒಪ್ಪಿಕೊಳ್ಳುವಂತೆ ಎಲ್ಲ ರೂಟರ್‌ಗಳಲ್ಲೂ ಸೆಟ್ ಮಾಡಿಡಿ.

ಉಪಕರಣ ಹೊಸದಾಗಿದ್ದರೆ ನಾನು ಸೆಗ್ಮೆಂಟ್ ರೂಟಿಂಗ್ (ಹೋಗಬೇಕಾದ ದಾರಿಯನ್ನು ಪ್ಯಾಕೆಟ್ ಮೇಲೇ ಬರೆದು ಕಳಿಸುವ ವಿಧಾನ) ಮತ್ತು ಅದರ ಮೇಲೆ ನಡೆಯುವ ಟಿಐ-ಎಲ್‌ಎಫ್‌ಎ ಕಡೆಗೇ ಹೋಗಿ ಅನ್ನುತ್ತೇನೆ. ಕಾಸ್ಟ್ ಹೆಚ್ಚುಕಮ್ಮಿ ಇದ್ದಾಗ ಡಿ ಯಂಥ ರೂಟರ್ ಸಿಗದೇ ಹೋಗಬಹುದು. ಅಲ್ಲೂ ಟಿಐ-ಎಲ್‌ಎಫ್‌ಎ ದಾರಿ ಕಟ್ಟುತ್ತದೆ. ಓಎಸ್‌ಪಿಎಫ್ ಹೊಸದಾಗಿ ಲೆಕ್ಕ ಹಾಕಿದ ಮೇಲೆ ಟ್ರಾಫಿಕ್ ಯಾವ ದಾರಿ ಹಿಡಿಯುತ್ತದೋ ಅದನ್ನೇ ಮೊದಲೇ ಬ್ಯಾಕಪ್ ಆಗಿ ಇಟ್ಟುಕೊಳ್ಳುತ್ತದೆ. ಟಾರ್ಗೆಟೆಡ್ ಸೆಶನ್‌ಗಳ ಗೋಜೂ ಇಲ್ಲ.

ಇನ್ನೊಂದು ವಿಷಯ ದಯವಿಟ್ಟು ಬಿಡಬೇಡಿ. ರಿಂಗ್‌ನ ಎರಡು ಲಿಂಕ್‌ಗಳ ಫೈಬರ್ ಒಂದೇ ಡಕ್ಟ್‌ನಲ್ಲಿ ಹೋಗಿದೆಯಾ ಅಂತ ಫೈಬರ್ ತಂಡವನ್ನು ಕೇಳಿ. ರಸ್ತೆ ಕೆಲಸಕ್ಕೆ ಬಂದ ಜೆಸಿಬಿ ಎರಡನ್ನೂ ಒಟ್ಟಿಗೆ ಕಿತ್ತರೆ ಯಾವ ಬ್ಯಾಕಪ್ಪೂ ಕೆಲಸಕ್ಕೆ ಬರುವುದಿಲ್ಲ. ರೂಟರ್‌ಗೆ ನೆಲದಡಿ ಏನಿದೆ ಅಂತ ತಾನಾಗಿ ಗೊತ್ತಾಗುವುದಿಲ್ಲ, ಒಟ್ಟಿಗೆ ಹೋಗಬಹುದಾದ ಲಿಂಕ್‌ಗಳ ಗುಂಪು (ಎಸ್‌ಆರ್‌ಎಲ್‌ಜಿ) ಅಂತ ನಾವೇ ಬರೆದು ಹೇಳಬೇಕು. ಲಿಂಕ್ ಜಾಸ್ತಿ ಇರುವ ಕಡೆ ರೂಟರ್ ಅದನ್ನು ನೋಡಿ ಬೇರೆ ದಾರಿ ಆರಿಸುತ್ತದೆ. ಒಂಟಿ ರಿಂಗ್‌ನಲ್ಲಿ ಆರಿಸಲು ಏನೂ ಇಲ್ಲ, ಫೈಬರನ್ನೇ ಬೇರೆ ಕಡೆಯಿಂದ ಎಳೆಯಬೇಕು.

ಕೊನೆಗೆ ಮೆಂಟೆನೆನ್ಸ್ ವಿಂಡೋದಲ್ಲಿ ಪರೀಕ್ಷೆ ಮಾಡಿ. ಸುಮ್ನೆ ಶಟ್‌ಡೌನ್ ಕಮಾಂಡ್ ಕೊಡಬೇಡಿ, ಫೈಬರನ್ನೇ ಕಿತ್ತು ನೋಡಿ. 10 ಮಿಲಿಸೆಕೆಂಡಿಗೊಂದು ಪಿಂಗ್ ಬಿಟ್ಟಿರಿ. ಐದರೊಳಗೆ ಪಿಂಗ್ ಕಳೆದರೆ, 50 ಮಿಲಿಸೆಕೆಂಡಿನೊಳಗೆ ಬ್ಯಾಕಪ್‌ಗೆ ತಿರುಗುವ ಗುರಿ ಮುಟ್ಟಿದಿರಿ. ಜಾಸ್ತಿ ಕಳೆದರೆ ಮೊದಲು ಬಿಎಫ್‌ಡಿ (ಲಿಂಕ್ ಜೀವಂತ ಇದೆಯಾ ಅಂತ ಆಗಾಗ ಸಂದೇಶ ಕಳಿಸಿ ನೋಡುವ ಪ್ರೋಟೋಕಾಲ್) ಟೈಮರ್ ನೋಡಿ: ನಡುವೆ ಟ್ರಾನ್ಸ್‌ಮಿಷನ್ ಉಪಕರಣ ಇದ್ದು ಪೋರ್ಟ್ ಡೌನ್ ಆಗದಿದ್ದರೆ, 50 ಮಿಲಿಸೆಕೆಂಡಿಗೊಂದರಂತೆ ಬರುವ ಸಂದೇಶ ಮೂರು ಸಲ ತಪ್ಪಿ ಗೊತ್ತಾಗುವಷ್ಟರಲ್ಲೇ 150 ಮಿಲಿಸೆಕೆಂಡ್ ಹೋಗಿರುತ್ತದೆ.